ಬಲಿಚುಕ್ಕೆ

ಫೆಬ್ರವರಿ 9

ಭೂತಕನ್ನಡಿಗೆ ಮಾವನ ಆಶೀರ್ವಾದ.

ಈ ಮನೆಗೆ ಸೊಸೆಯಾಗಿ ಬಂದ ದಿನ ನಿನ್ನ ಪೆಟ್ಟಿಗೆಯಿಂದ ಬಟ್ಟೆಗಿಂತ ಮೊದಲು ಹೊರಬಂದದ್ದು ಭೂತಕನ್ನಡಿ. ನೀನು ಮನೆ ಬಿಟ್ಟು ಆ ದೂರದ ಪ್ರಯೋಗಾಲಯ ಸೇರಿ ಎರಡು ವರ್ಷವಾಯಿತು. ನನ್ನ ಬಾಯಲ್ಲಿ ಈಗಲೂ ಅದೇ ಹೆಸರು ಬರುತ್ತದೆ.

ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಗೋಧಿಯ ಹೊಲವೂ ಸುಣ್ಣದ ಗೋಡೆಯೂ ಒಂದೇ ಥರ ಕಾಣುತ್ತವೆ. ಅದಕ್ಕೇ ನಾನು ಹೇಳುತ್ತೇನೆ, ನಿನ್ನ ಗಂಡ ಬರೆಯುತ್ತಾನೆ. ಹಗಲೆಲ್ಲ ಬಿತ್ತನೆ ಬೀಜದ ಗೋದಾಮು, ಸಂಜೆ ನನ್ನ ಗುಮಾಸ್ತಿಕೆ. ‘ನಿನ್ನ ಕಡೆಯಿಂದಲೂ ಏನಾದ್ರೂ ಸೇರಿಸೋ’ ಎಂದೆ. ‘ನೀವು ಹೇಳಿ ಅಪ್ಪ, ಬರೀತೀನಿ’ ಎಂದ. ಅದನ್ನೂ ಬರೆ ಎಂದೆ. ಬರೆದಿದ್ದಾನೆ.

ಲಕೋಟೆಯಲ್ಲಿ ನಾನು ತೆಗೆದ ಕಾವಲಿ ಗೋಧಿ ತಳಿಯ ಎಲೆಗಳಿವೆ. ಈ ವರ್ಷ ಮೋಡ ಜಾಸ್ತಿ, ಇಬ್ಬನಿ ಜಾಸ್ತಿ, ಚುಕ್ಕೆಯೂ ಜಾಸ್ತಿ. ಬೀಜ ಸಮಿತಿಗೆ ಹೊಸದಾಗಿ ಬಂದ ಅಧ್ಯಕ್ಷರು ಮೊನ್ನೆ ಹೊಲದಲ್ಲಿ ನಿಂತು, ‘ಏನ್ರೀ ಇದು, ನಿಮ್ಮ ಬೆಳೆಗೆ ಸಿಡುಬು ಎದ್ದಿದೆಯಲ್ರೀ!’ ಎಂದು ಹೌಹಾರಿದರು. ಪಾಪ, ಅವರಿಗೂ ಪಾಠ ಮಾಡಿದೆ. ತುಕ್ಕುರೋಗದ ಶಿಲೀಂಧ್ರ ಬದುಕಿರುವ ಎಲೆಯನ್ನು ಮಾತ್ರ ತಿನ್ನುತ್ತದೆ. ಅದು ಒಳಗೆ ಕೊಳವೆ ತೂರಿಸಿದ ಕೂಡಲೇ ಕಾವಲಿಯ ಎಲೆ ಗುರುತು ಹಿಡಿದು, ಆ ಜಾಗದ ಜೀವಕೋಶಗಳನ್ನು ತಾನೇ ಕೊಂದುಬಿಡುತ್ತದೆ. ಬಂದ ಕಳ್ಳನಿಗೆ ಅನ್ನವಿಲ್ಲ, ಅಲ್ಲೇ ಸಾಯುತ್ತಾನೆ. ಉಳಿಯುವುದು ಸಾಸಿವೆಗಿಂತ ಚಿಕ್ಕದಾದ ಒಂದು ಚುಕ್ಕೆ. ಅದನ್ನೇ ನಾವು ಬಲಿಚುಕ್ಕೆ ಅನ್ನುತ್ತೇವೆ, ಅದು ಕಂಡರೆ ಖುಷಿಪಡಿ ಎಂದೆ. ಬೀಜದ ಚೀಲದ ಮೇಲೆ ಅಚ್ಚಾಗಿರುವ ನನ್ನ ಮಾತನ್ನು ಆಳೊಬ್ಬ ದೊಡ್ಡ ದನಿಯಲ್ಲಿ ಓದಿಯೂ ತೋರಿಸಿದ: ‘ಚುಕ್ಕೆ ಕಂಡರೆ ಚಿಂತೆ ಬೇಡ.’

ಈ ಸಲ ಯಾವ ಜಾತಿಯ ತುಕ್ಕು ಬಾಗಿಲು ತಟ್ಟುತ್ತಿದೆ ಎಂದು ಪರೀಕ್ಷಿಸಿ ತಿಳಿಸು. ಫೋನ್ ಮಾಡಬೇಡ. ಕಿವಿಗೆ ಬಿದ್ದ ಮಾತಿಗೆ ಸಾಕ್ಷಿ ಇಲ್ಲ.

ಇಂತಿ,
ಮಾವ


ಮಾರ್ಚ್ 3

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಅಕ್ಷರ ಗುರುತಾಯಿತು. ಗಾಬರಿಯಾಗಲಿಲ್ಲ.

ಎಲೆಗಳಲ್ಲಿ ತುಕ್ಕು ಇಲ್ಲ. ಚುಕ್ಕೆಗಳನ್ನು ಒಂದೊಂದಾಗಿ ನೋಡಿದೆ. ಬಲಿಚುಕ್ಕೆಯ ಅಂಚು ಚೊಕ್ಕವಾಗಿರುತ್ತದೆ, ಸೂಜಿಯಿಂದ ಸುಟ್ಟ ಹಾಗೆ. ಇವುಗಳ ಸುತ್ತ ಹಳದಿ ಉಂಗುರವಿದೆ. ಕೆಲವು ಹರಡಿ ಒಂದಕ್ಕೊಂದು ಕೂಡಿಕೊಂಡಿವೆ. ಒದ್ದೆ ಕಾಗದದ ಮೇಲಿಟ್ಟಾಗ ಸತ್ತ ಭಾಗದಿಂದ ಬೇರೊಂದು ಶಿಲೀಂಧ್ರ ಎದ್ದಿತು. ತುಕ್ಕಿನ ನೆಂಟನೂ ಅಲ್ಲ. ಅದಕ್ಕೆ ಬದುಕಿರುವ ಎಲೆ ಬೇಕಿಲ್ಲ, ಸತ್ತದ್ದೇ ಬೇಕು.

ಹೊಲದಲ್ಲಿ ಈ ಉಂಗುರ ಎಷ್ಟು ಕಡೆ ಇದೆ ಎಂದು ದಯವಿಟ್ಟು ಯಾರಿಂದಲಾದರೂ ನೋಡಿಸಿ. ಕಣ್ಣಿನ ಶಸ್ತ್ರಚಿಕಿತ್ಸೆಯನ್ನೂ ಮುಂದೂಡಬೇಡಿ.

ನಿಮ್ಮ ಸೊಸೆ


ಮಾರ್ಚ್ 20

ಭೂತಕನ್ನಡಿಗೆ,

ಹೆಸರಿಗೆ ತಕ್ಕ ಕೆಲಸ ಮಾಡಿದ್ದೀಯ. ಎಲೆ ಕಳಿಸಿದರೆ ಭೂತ ಕಂಡಿದೆ.

ಸತ್ತದ್ದನ್ನು ತಿನ್ನುವ ಬೂಷ್ಟು ಎಲ್ಲಿಲ್ಲ? ಹಳೆಯ ಹುಲ್ಲಿನಲ್ಲಿದೆ, ಬೇಲಿಯ ಗೂಟದಲ್ಲಿದೆ. ಬಲಿಚುಕ್ಕೆಯಲ್ಲಿ ಸತ್ತ ಚೂರು ಇತ್ತು, ಅದು ಬಂದು ಕೂತಿತು. ಮದುವೆ ಮುಗಿದ ಮೇಲೆ ಎಂಜಲೆಲೆಗೆ ಬಂದ ನಾಯಿಯನ್ನು ನೀನು ಮದುವೆ ಗಂಡು ಅನ್ನುತ್ತಿದ್ದೀಯ.

ನೀನು ತುಕ್ಕಿನ ವರ್ಷವನ್ನು ನೋಡಿದವಳಲ್ಲ. ಈ ಬಯಲು ಈ ತುದಿಯಿಂದ ಆ ತುದಿವರೆಗೆ ಕಿತ್ತಳೆ ಬಣ್ಣವಾಗಿತ್ತು. ಹೊಲದಲ್ಲಿ ನಡೆದರೆ ಪ್ಯಾಂಟು ಮಂಡಿವರೆಗೆ ಕಿತ್ತಳೆ. ನಿನ್ನ ಅತ್ತೆ ಒಗೆದ ನೀರೂ ಕಿತ್ತಳೆ. ಕಾಳು ಉಜ್ಜಿದರೆ ಹೊಟ್ಟು. ಹಿಟ್ಟಿನ ಗಿರಣಿಯವನು ಕಲ್ಲುಗಳನ್ನು ಬಟ್ಟೆಯಿಂದ ಮುಚ್ಚಿ ಊರು ಬಿಟ್ಟ. ಆಮೇಲೆ ಕಾವಲು ತಳಿ ಬಂತು. ನಾನಿಟ್ಟ ಹೆಸರು ಕಾವಲು. ಜನ ಅದನ್ನು ಕಾವಲಿ ಮಾಡಿದರು. ‘ಕೊನೆಗೆ ಹೋಗೋದು ಕಾವಲಿ ಮೇಲಕ್ಕೇ ಅಲ್ವಾ ಯಜಮಾನ್ರೇ’ ಎಂದು ನಕ್ಕರು. ಅಂದಿನಿಂದ ಒಂದು ವರ್ಷವೂ ಯಾರ ಮನೆಯ ಕಾವಲಿಯೂ ತಣ್ಣಗಾಗಿಲ್ಲ.

ಉಂಗುರದ ವಿಷಯ: ಗುಮಾಸ್ತನನ್ನು ಕರೆದುಕೊಂಡು ಹೋಗಿದ್ದೆ. ಚುಕ್ಕೆ ಇದೆಯೇನೋ ಎಂದೆ. ಇದೆ ಅಪ್ಪ ಎಂದ. ಅಷ್ಟು ಸಾಕು.

ಮಾವ


ಮೇ 14

ಮಾವನವರಿಗೆ ನಮಸ್ಕಾರಗಳು.

ನಾಯಿ ಮದುವೆ ಮುಗಿದ ಮೇಲೆ ಬಂದದ್ದಲ್ಲ ಮಾವ.

ಆ ಶಿಲೀಂಧ್ರವನ್ನು ಸಕ್ಕರೆ ನೀರಿನಲ್ಲಿ ಬೆಳೆಸಿದೆ. ಆಮೇಲೆ ನೀರನ್ನು ಬಹಳ ಸಣ್ಣ ರಂಧ್ರದ ಜರಡಿಯಲ್ಲಿ ಸೋಸಿದೆ. ಶಿಲೀಂಧ್ರದ ಒಂದು ಎಳೆಯೂ ಅದರಲ್ಲಿ ಉಳಿದಿಲ್ಲ. ಬರೀ ನೀರು, ಜೊತೆಗೆ ಅದು ಉಗುಳಿದ ಏನೋ ಒಂದು. ಅದರ ಹನಿಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಎಲೆಗೆ ಒತ್ತಿದೆ. ಬೇರೆ ತಳಿಗಳ ಎಲೆಗೆ ಏನೂ ಆಗಲಿಲ್ಲ. ಕಾವಲಿಯ ಎಲೆಯಲ್ಲಿ ಮೊದಲು ಹಳದಿ ಉಂಗುರ ಮೂಡಿತು, ಆಮೇಲೆ ನಡುವೆ ಕಂದು. ವಾರದೊಳಗೆ ಹನಿ ತಾಗಿದಷ್ಟೂ ಜಾಗ ಸತ್ತಿತ್ತು.

ಕಾವಲಿಯೊಳಗೆ ಒಂದು ಗಂಟೆಯಿದೆ ಎಂದು ನೀವೇ ಹೇಳುತ್ತಿದ್ದಿರಿ. ತುಕ್ಕು ಬಂದರೆ ಅದು ಹೊಡೆದುಕೊಳ್ಳುತ್ತದೆ, ಕೋಶಗಳು ತಮ್ಮನ್ನು ಬಲಿ ಕೊಡುತ್ತವೆ. ಈ ಹೊಸಬನಿಗೆ ಆ ಗಂಟೆಯ ಹಗ್ಗ ಸಿಕ್ಕಿದೆ. ತಾನೇ ಎಳೆಯುತ್ತಾನೆ. ಎಲೆ ತುಕ್ಕು ಬಂತೆಂದು ತಿಳಿದು ಸಾಯುತ್ತದೆ. ಸತ್ತದ್ದೇ ಅವನ ಊಟ. ಹೆಚ್ಚು ಸತ್ತಷ್ಟೂ ಹೆಚ್ಚು ಊಟ.

ಮುಂದಿನ ಬಿತ್ತನೆಗೆ ಬಯಲಿಗೆಲ್ಲ ಕಾವಲಿಯ ಬೀಜವೇ ಹೋಗುತ್ತದೆ. ಅದನ್ನು ನಿಲ್ಲಿಸಿ. ಸಮಿತಿ ನನ್ನ ಮಾತು ಕೇಳುವುದಿಲ್ಲ, ನಿಮ್ಮ ಸಹಿ ಬೇಕು. ಎರಡು ವರ್ಷದ ಹಿಂದೆ ಅದೇ ಸಮಿತಿಯ ಮುಂದೆ, ಊರಿನ ಮನೆಗಳಿಗೆಲ್ಲ ಒಂದೇ ಬೀಗ ಹಾಕಬೇಡಿ ಎಂದಿದ್ದೆ. ನೀವು ಹೇಳಿದ ಹಾಸ್ಯ ನೆನಪಿದೆ: ‘ನಮ್ಮ ಸೊಸೆಗೆ ಬೀಗರಿಗಿಂತ ಬೀಗದ ಚಿಂತೆಯೇ ಜಾಸ್ತಿ.’ ಎಲ್ಲರೂ ನಕ್ಕಿದ್ದರು. ಯಾರು ಯಾರು ನಕ್ಕರು ಎಂಬುದೂ ನೆನಪಿದೆ.

ಸೊಸೆ


ಜೂನ್ 2

ಭೂತಕನ್ನಡಿಗೆ,

ಒಳ್ಳೆಯ ಹಾಸ್ಯಕ್ಕೆ ನಗುವುದು ತಪ್ಪಲ್ಲ. ಗುಮಾಸ್ತ ಈ ಸಾಲು ಬರೆಯಲು ಬಹಳ ಹೊತ್ತು ತೆಗೆದುಕೊಂಡ.

ಪರೀಕ್ಷೆ ಮಾಡಿದ್ದೀಯ, ಸರಿ. ಆದರೆ ಕಾವಲಿಯಲ್ಲಿ ನನ್ನ ಗಂಟೆಯ ವಂಶವಾಹಿ ಒಂದೇ ಇಲ್ಲ, ಸಾವಿರ ಬೇರೆ ಸಂಗತಿಗಳಿವೆ. ಯಾವುದರಿಂದ ಎಲೆ ಸತ್ತಿತು ಎಂದು ನಿನಗೆ ಹೇಗೆ ಗೊತ್ತು? ತಳಿ ತೆಗೆಯುವಾಗ ನಾನು ಅವಳಿ ಸಾಲುಗಳನ್ನು ಉಳಿಸಿಕೊಂಡಿದ್ದೆ. ಎರಡೂ ಒಂದೇ ತಾಯಿಯ ಮಕ್ಕಳು, ಎಲ್ಲದರಲ್ಲೂ ಒಂದೇ. ಒಂದರಲ್ಲಿ ಗಂಟೆಯಿದೆ, ಇನ್ನೊಂದರಲ್ಲಿ ಇಲ್ಲ. ಎರಡು ಪೊಟ್ಟಣ ಕಳಿಸಿದ್ದೇನೆ, ಒಂದಕ್ಕೆ ಬಿಳಿ ದಾರ, ಒಂದಕ್ಕೆ ಕರಿ ದಾರ. ಯಾವುದು ಯಾವುದೆಂದು ಹೇಳುವುದಿಲ್ಲ. ಬಿತ್ತು, ನಿನ್ನ ಹನಿ ಹಾಕು, ಯಾವ ದಾರದ್ದು ಸತ್ತಿತು ಎಂದು ಬರೆ. ಕಾವಲಿ ಸತ್ತರೆ ನಾನೇ ಸಮಿತಿಗೆ ಹೋಗಿ ಬೀಜ ನಿಲ್ಲಿಸುತ್ತೇನೆ. ಇದು ಮಾತು.

ಸುಗ್ಗಿ ಮುಗಿಯಿತು. ಕಾಳು ಸ್ವಲ್ಪ ಹಗುರ ಅನ್ನುತ್ತಾರೆ. ಮೋಡದ ವರ್ಷ, ಇದ್ದದ್ದೇ.

ಮಾವ


ಜುಲೈ 18

ಮಾವನವರಿಗೆ,

ಬಿಳಿ ದಾರದ ಸಸಿಗಳು ಹಸಿರಾಗಿವೆ. ಹನಿ ಬಿದ್ದ ಜಾಗ ಹುಡುಕಿದರೂ ಸಿಗುವುದಿಲ್ಲ.

ಕರಿ ದಾರದವುಗಳ ಎಲೆ ಹನಿ ಬಿದ್ದಲ್ಲೆಲ್ಲ ಸತ್ತಿದೆ. ಒಂದು ಸಸಿಯೂ ತಪ್ಪಿಸಿಕೊಂಡಿಲ್ಲ. ಮತ್ತೆ ಬಿತ್ತಿ ಮತ್ತೆ ನೋಡಿದೆ, ದಾರದ ಬಣ್ಣ ಮುಚ್ಚಿಟ್ಟು ಪಕ್ಕದ ಮೇಜಿನವರಿಂದಲೂ ಮಾಡಿಸಿದೆ. ಬದಲಾಗಲಿಲ್ಲ.

ಯಾವ ದಾರ ಯಾವುದು ಎಂದು ನೀವು ಹೇಳಬೇಕು. ಗೋದಾಮಿನಿಂದ ಲಾರಿ ಹೊರಡುವ ಮೊದಲು ಹೇಳಿ.

ಸೊಸೆ


ಆಗಸ್ಟ್ 25

ಭೂತಕನ್ನಡಿಗೆ,

ಉತ್ತರ ತಡವಾಯಿತು. ಮೈ ಸರಿಯಿರಲಿಲ್ಲ.

ಬಿಳಿ ದಾರದ್ದೇ ಕಾವಲಿ. ಸತ್ತದ್ದು ಗಂಟೆಯಿಲ್ಲದ ಅವಳಿ. ಅಂದಮೇಲೆ ನಿನ್ನ ಲೆಕ್ಕ ತಲೆಕೆಳಗಾಯಿತು. ಬೇಸರಪಡಬೇಡ, ನನ್ನದೂ ಎಷ್ಟೋ ಸಲ ಹೀಗಾಗಿದೆ. ಸಮಿತಿಗೂ ಹೀಗೇ ತಿಳಿಸಿದ್ದೇನೆ. ಬೀಜ ಹೊರಡುತ್ತದೆ.

ಮಾವ

ಅಪ್ಪ ಹೇಳಿದ್ದನ್ನು ಹೇಳಿದ ಹಾಗೆ ಮೇಲೆ ಬರೆದಿದ್ದೇನೆ. ಓದಿ ತೋರಿಸಿದ್ದೂ ಅಷ್ಟನ್ನೇ. ಪೊಟ್ಟಣಕ್ಕೆ ದಾರ ಕಟ್ಟಿದವನು ನಾನು. ಕರಿ ದಾರವೇ ಕಾವಲಿ. ಕಟ್ಟುವಾಗ ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಅವರು ಮರೆತು ಹೇಳಿದ್ದಲ್ಲ.


ಸೆಪ್ಟೆಂಬರ್ 6

ಈ ಪತ್ರವನ್ನು ಮಾವನವರಿಗೆ ಓದಿ ಹೇಳುವವರು ಒಂದು ಸಾಲನ್ನೂ ಬಿಡದೆ ಓದಬೇಕು. ತಮ್ಮ ವಿಷಯ ಬಂದರೂ ಬಿಡಬಾರದು.

ಮಾವ, ನಿಮ್ಮ ಪತ್ರದ ಕೊನೆಯಲ್ಲಿ ನೀವು ಹೇಳದ ಕೆಲವು ಸಾಲುಗಳಿದ್ದವು. ಕರಿ ದಾರವೇ ಕಾವಲಿ ಎಂದು ಅದರಲ್ಲಿತ್ತು. ಬರೆದವರು ನಿಮಗೆ ಎದುರು ಮಾತಾಡಿದ್ದನ್ನು ನಾನು ಈ ತನಕ ಕೇಳಿಲ್ಲ. ಅದಕ್ಕೇ ನಂಬಿದೆ. ಮೇ ತಿಂಗಳಲ್ಲಿ ಹನಿ ತಾಗಿ ಸತ್ತದ್ದೂ ಕಾವಲಿಯ ಎಲೆಯೇ.

ನಿಮ್ಮ ಮೇಲೆ ಸಿಟ್ಟಿಲ್ಲ. ನಾನು ಹಳದಿ ಉಂಗುರ ಎಂದು ಬರೆದಾಗಲೆಲ್ಲ ನಿಮಗೆ ಕಿತ್ತಳೆ ಬಣ್ಣವೇ ಕಾಣುತ್ತಿದೆ. ಕಾವಲಿ ತೆಗೆದರೆ ತುಕ್ಕು ಬರುತ್ತದೆ ಎಂಬ ನಿಮ್ಮ ಹೆದರಿಕೆ ಸುಳ್ಳಲ್ಲ. ಬಿಳಿ ದಾರದ ಸಸಿಗಳ ಮೇಲೆ ತುಕ್ಕಿನ ಬೀಜಕಣ ಉದುರಿಸಿ ನೋಡುತ್ತಿದ್ದೇನೆ, ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಹಾಗೆಂದು ಬಯಲಿಗೆಲ್ಲ ಒಂದೇ ಬೀಜ ಕಳಿಸಬಹುದೇ? ಕಾಲು ಭಾಗ ಕಳಿಸಿ. ಉಳಿದದ್ದಕ್ಕೆ ಹಳೆಯ ತಳಿ, ಬಾರ್ಲಿ, ಏನು ಸಿಕ್ಕರೆ ಅದು. ಇಳುವರಿ ಕಡಿಮೆಯಾಗಲಿ. ಎಲ್ಲ ಮನೆಯ ಬಾಗಿಲೂ ಒಂದೇ ದಿನ ಬೀಳುವುದಿಲ್ಲ.

ನೀವು ಕೊಟ್ಟ ಮಾತು ನಿಮ್ಮ ಮಗನ ಅಕ್ಷರದಲ್ಲಿ ನನ್ನ ಹತ್ತಿರ ಇದೆ. ಅದನ್ನು ಯಾರಿಗೂ ತೋರಿಸುವುದಿಲ್ಲ. ನೀವೇ ಹೋಗಿ.

ಭೂತಕನ್ನಡಿ


ಸೆಪ್ಟೆಂಬರ್ 24

ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ.

ಅಪ್ಪ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, ‘ನೀನು ಬರೆದ್ಯಾ?’ ಎಂದರು. ಹೌದು ಎಂದೆ. ‘ಚೆನ್ನಾಗಿ ಬರೆದ್ಯಾ? ಅರ್ಥ ಆಗೋ ಹಾಗೆ?’ ಎಂದರು. ಹೌದು ಎಂದೆ. ಅವರು ಆ ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನನ್ನ ತೋಳು ಹಿಡಿದು ಸಮಿತಿಗೆ ಬಂದರು. ತಾವು ಬರೆಸಿದ್ದು ತಪ್ಪು, ಬೀಜ ನಿಲ್ಲಿಸಿ ಎಂದರು. ಅಧ್ಯಕ್ಷರು ನನ್ನನ್ನು ನೋಡಿದರು. ಲಾರಿಗಳು ಆ ವಾರವೇ ಹೊರಟಿದ್ದವು, ಗೋದಾಮು ಮುಕ್ಕಾಲು ಖಾಲಿಯಾಗಿತ್ತು. ‘ಯಜಮಾನ್ರೇ, ಉಳಿದಿದ್ದನ್ನ ತಡೆದರೆ ಆ ಜನ ಏನು ಬಿತ್ತಬೇಕು? ಮಣ್ಣಾ?’ ಎಂದರು. ಹಳೆಯ ತಳಿಯ ಬೀಜವನ್ನು ಯಾರೂ ಇಟ್ಟಿಲ್ಲ.

ಉಳಿದದ್ದೂ ಹೋಯಿತು. ಲೋಡ್ ಮಾಡಿಸಿದವನು ನಾನೇ. ಗೋದಾಮು ಗುಡಿಸಿದ್ದೇವೆ.

ಅಪ್ಪನ ಕಣ್ಣಿಗೆ ದಿನ ಗೊತ್ತು ಮಾಡಿದ್ದಾರೆ.

ಬೇರೆ ಏನು ಬರೆಯಬೇಕೆಂದು ತಿಳಿಯುತ್ತಿಲ್ಲ. ಹೇಳಿಕೊಟ್ಟರೆ ಬರೆದು ರೂಢಿ.

ಗುಮಾಸ್ತ


ಫೆಬ್ರವರಿ 16

ಭೂತಕನ್ನಡಿಗೆ ಆಶೀರ್ವಾದ.

ಇದು ನನ್ನದೇ ಅಕ್ಷರ. ಸಾಲು ಸೊಟ್ಟ, ಆದರೆ ಕಾಣುತ್ತದೆ. ಎರಡು ಕಣ್ಣಿಗೂ ಆಯಿತು.

ಪಟ್ಟಿ ಬಿಚ್ಚಿದ ಮೇಲೆ ಒಂದು ಎಲೆ ತಂದುಕೊಡು ಎಂದೆ. ತಂದುಕೊಟ್ಟ. ನೀನು ಬರೆದ ಹಾಗೇ ಇದೆ, ಚುಕ್ಕೆ, ಸುತ್ತ ಹಳದಿ ಉಂಗುರ, ಅಂಚು ಎಲ್ಲಿ ಮುಗಿಯಿತೆಂದು ಗೊತ್ತಾಗುವುದಿಲ್ಲ. ಕುರುಡನೂ ಬೆರಳಲ್ಲಿ ಮುಟ್ಟಿ ಹೇಳಬಹುದಿತ್ತು. ‘ಇದನ್ನ ಹೋದ ವರ್ಷವೇ ನೋಡಿದ್ಯೇನೋ?’ ಎಂದು ಗುಮಾಸ್ತನನ್ನು ಕೇಳಿದೆ. ನೋಡಿದ್ದೆ ಎಂದ. ‘ಯಾಕೆ ಹೇಳಲಿಲ್ಲ?’

‘ನೀವು ಚುಕ್ಕೆ ಇದೆಯಾ ಅಂತ ಕೇಳಿದ್ರಿ ಅಪ್ಪ. ಉಂಗುರ ಇದೆಯಾ ಅಂತ ಕೇಳಲಿಲ್ಲ.’

ಅವನಿಗೆ ಬೈಯಲು ಬಾಯಿ ತೆರೆದೆ. ಅವನನ್ನು ಹಾಗೆ ಬೆಳೆಸಿದವರು ಯಾರು ಎಂದು ನೆನಪಾಗಿ ಮುಚ್ಚಿದೆ.

ಈ ಸಲ ಇಬ್ಬನಿ ಹೋದ ವರ್ಷಕ್ಕಿಂತ ಹೆಚ್ಚು. ಕೆಳಗಿನ ಎಲೆಗಳು ಹೋಗಿವೆ, ಈಗ ತೆನೆಯ ಹೊಟ್ಟಿನ ಮೇಲೆ ಹತ್ತಿದೆ. ದೂರದಿಂದ ನೋಡಿದರೆ ಬಯಲು ಮಾಗಿದ ಹಾಗೆ ಕಾಣುತ್ತದೆ. ಮಾಗಲು ಇನ್ನೂ ಕಾಲವಿದೆ. ಒಂದು ತೆನೆ ಉಜ್ಜಿದೆ. ತುಕ್ಕಿನ ವರ್ಷದಲ್ಲಿ ಅಂಗೈಯಲ್ಲಿ ಉಳಿದದ್ದೇ ಈಗಲೂ ಉಳಿಯಿತು. ಬಣ್ಣ ಮಾತ್ರ ಬೇರೆ.

ಇಬ್ಬರೂ ಹಳ್ಳಿ ಹಳ್ಳಿ ತಿರುಗುತ್ತಿದ್ದೇವೆ. ಇನ್ನೂ ಹತ್ತದ ಹೊಲಗಳಿಗಾದರೂ ಔಷಧಿ ಹೊಡೆಯಲಿ, ರೋಗ ಅಡಗಿ ಕೂರುವ ಹುಲ್ಲನ್ನು ಮುಂದಿನ ವರ್ಷಕ್ಕೆ ಹೊಲದಲ್ಲಿ ಬಿಡದಿರಲಿ ಎಂದು. ನಿನ್ನೆ ಒಬ್ಬಾಕೆ ನನ್ನನ್ನು ಕಂಡು ಹೊಲದಿಂದ ಓಡಿ ಬಂದಳು. ಕೈಯಲ್ಲಿ ಒಂದು ಎಲೆ. ‘ನೋಡಿ ಯಜಮಾನ್ರೇ, ಎಷ್ಟು ಚುಕ್ಕೆ! ಹೆಂಗೆ ಹೋರಾಡ್ತಾ ಇದೆ ನೋಡಿ!’ ಅಂದಳು. ಮುಖ ತುಂಬ ನಗು. ಅಮ್ಮಾ, ಇದು ಹೋರಾಟ ಅಲ್ಲ, ಇದು ರೋಗ, ನಾನು ಹೇಳಿದ್ದು ತಪ್ಪಾಗಿತ್ತು ಅಂದೆ. ಅವಳು ನನ್ನನ್ನು ಸಮಾಧಾನ ಮಾಡಿದಳು. ‘ನೀವೇ ಕಲಿಸಿದ್ದಲ್ವಾ, ಚುಕ್ಕೆ ಕಂಡರೆ ಚಿಂತೆ ಬೇಡ. ನಮ್ಮ ಮಕ್ಕಳಿಗೂ ಬಾಯಿಪಾಠ.’ ಅವಳ ಮನೆ ಕಿಟಕಿಗೆ ಬೀಜದ ಚೀಲವನ್ನೇ ಪರದೆ ಮಾಡಿದ್ದಾಳೆ. ನನ್ನ ಮಾತು ಹೊರಗೆ ಕಾಣುವ ಹಾಗೆ.

ಅಷ್ಟರಲ್ಲಿ ನಾಲ್ಕು ಜನ ಸೇರಿದರು. ಒಬ್ಬ ಹಿಂದಿನಿಂದ, ‘ಬಿಡ್ರೋ, ಯಜಮಾನ್ರಿಗೆ ವಯಸ್ಸಾಯ್ತು. ಈಗ ಸೊಸೆ ಹೇಳಿದ್ದೇ ವೇದ’ ಅಂದ. ಎಲ್ಲರೂ ನಕ್ಕರು. ಗುಮಾಸ್ತ ನಗಲಿಲ್ಲ. ಅವನು ಆ ಮನುಷ್ಯನ ಮುಂದೆ ಹೋಗಿ ನಿಂತು, ‘ಸೊಸೆ ಹೇಳಿದ್ದೇ ಸರಿ’ ಅಂದ. ಅಷ್ಟೇ ಅಂದದ್ದು. ಅದರಿಂದ ಯಾರೂ ಔಷಧಿ ಹೊಡೆಯಲಿಲ್ಲ. ಆದರೂ ನಿನಗೆ ಗೊತ್ತಿರಲಿ ಎಂದು ಬರೆದೆ.

ಒಂದು ಉಪಕಾರ ಮಾಡು. ಇವರು ನನ್ನನ್ನು ನಂಬುವುದಿಲ್ಲ, ಚೀಲವನ್ನು ನಂಬುತ್ತಾರೆ. ಹೊಸ ಚೀಲ ಅಚ್ಚು ಹಾಕಿಸುತ್ತೇನೆ. ಅದರ ಮೇಲೆ ಹಿಡಿಸುವ ಒಂದು ಮಾತು ಬರೆದು ಕಳಿಸು. ಪ್ರಾಸ ಇರಬೇಕು. ಪ್ರಾಸ ಇಲ್ಲದಿದ್ದರೆ ಬಾಯಲ್ಲಿ ನಿಲ್ಲುವುದಿಲ್ಲ.

ಮಾವ


ಮಾರ್ಚ್ 4

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಸಂತೋಷವಾಯಿತು. ಪತ್ರ ಓದಿ ಆಗಲಿಲ್ಲ.

ಬಿಳಿ ದಾರದ ಸಸಿಗಳ ಸುದ್ದಿ ಹೇಳಬೇಕು. ಮತ್ತೆ ಮತ್ತೆ ಬಿತ್ತಿ ನೋಡಿದೆ. ಪ್ರತಿ ಸಲವೂ ಕುಂಡಗಳು ಕಿತ್ತಳೆ ಬಣ್ಣವಾದವು. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಗಂಟೆಯಿದ್ದರೆ ಹೊಸಬ, ಇಲ್ಲದಿದ್ದರೆ ಹಳಬ. ಎರಡನ್ನೂ ತಡೆಯುವ ಗೋಧಿ ಸದ್ಯ ನನ್ನ ಬಳಿ ಇಲ್ಲ, ನಿಮ್ಮ ಬಳಿಯೂ ಇಲ್ಲ. ಹುಡುಕಲು ಶುರು ಮಾಡಿದರೆ ಎಷ್ಟು ವರ್ಷ ಹಿಡಿಯುತ್ತದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ವರ್ಷಗಳಲ್ಲಿ ಬಯಲಿನವರು ಏನು ಬಿತ್ತಬೇಕು, ಏನು ತಿನ್ನಬೇಕು ಎಂಬ ಅಧ್ಯಕ್ಷರ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ.

ಚೀಲದ ಮಾತಿಗೆ ಎಷ್ಟು ತಿಣುಕಿದರೂ ಪ್ರಾಸ ಸಿಗಲಿಲ್ಲ. ಸಿಕ್ಕ ಒಂದೆರಡನ್ನು ಹೊಡೆದುಹಾಕಿದೆ. ಬಾಯಲ್ಲಿ ಚೆನ್ನಾಗಿ ನಿಲ್ಲುತ್ತಿದ್ದವು, ಅದಕ್ಕೇ ಹೆದರಿಕೆಯಾಯಿತು. ಕೊನೆಗೆ ಇಷ್ಟು ಉಳಿಯಿತು:

‘ಚುಕ್ಕೆ ಕಂಡರೆ ಹತ್ತಿರ ಹೋಗಿ ನೋಡಿ. ಕಂಡದ್ದನ್ನೆಲ್ಲ ಹೇಳಿ, ಯಾರೂ ಕೇಳದಿದ್ದರೂ.’

ಉದ್ದವಾಯಿತು. ಯಾರೂ ಬಾಯಿಪಾಠ ಮಾಡುವುದಿಲ್ಲ. ಅಚ್ಚಿನ ಅಕ್ಷರ ಬೇಡ ಮಾವ. ನಿಮ್ಮ ಮಗನ ಕೈಯಲ್ಲಿ ಬರೆಸಿ, ಅದನ್ನೇ ಅಚ್ಚು ಮಾಡಿಸಿ. ಆ ಅಕ್ಷರವನ್ನು ಈಗ ನಾನು ನಂಬುತ್ತೇನೆ.

ಸುಗ್ಗಿಯ ಹೊತ್ತಿಗೆ ರಜೆ ಹಾಕಿ ಬರುತ್ತಿದ್ದೇನೆ. ಕೊಯ್ಯಲು ಏನೂ ಇರುವುದಿಲ್ಲ. ಹುಲ್ಲು ಸುಡಲು ಕೈ ಬೇಕಾಗುತ್ತದೆ.

ಭೂತಕನ್ನಡಿ